ಬೆಳಕು ಸಾಲದ ಕಾಡಿನಲ್ಲಿ ಉದ್ದ ಲೆನ್ಸು

ಬೇಸಿಗೆ ಶುರುವಾಯಿತೆಂದರೆ ನಾಗಪುರದ ವಿಮಾನ ನಿಲ್ದಾಣದಲ್ಲಿ ಆಗಾಗ ಕನ್ನಡ ಕಿವಿಗೆ ಬೀಳುತ್ತದೆ. ಬೆಂಗಳೂರಿನಿಂದ ತಾಡೋಬಾ, ಪೇಂಚ್ ಕಾಡುಗಳಿಗೆ ಹುಲಿ ನೋಡಲು ಹೊರಟವರು ಇಲ್ಲಿಳಿದು ಮುಂದಕ್ಕೆ ಜೀಪು ಹಿಡಿಯುತ್ತಾರೆ. ಬೆನ್ನಿನ ಚೀಲದಲ್ಲಿ ಕೂಸಿನಷ್ಟು ತೂಕದ ಲೆನ್ಸು. ನಸುಕಿನ ಅರೆಗತ್ತಲಲ್ಲೂ ಅವರ ಕ್ಯಾಮೆರಾ ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ ತೆಗೆಯಬಲ್ಲದು. ಇದೇ ಕೆಲಸವನ್ನು ಕಪ್ಪು-ಬಿಳುಪು ಫಿಲಂನಲ್ಲಿ ಮಾಡಿದ ಕನ್ನಡ ನಾಡಿನ ಹಿಂದಿನ ತಲೆಮಾರಿನವರ ಕಷ್ಟ ಏನಿತ್ತು ಎಂಬುದು ಅವರ ಚಿತ್ರ ಮೆಚ್ಚುವವರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಅದು ಗೊತ್ತಾಗದೆ ಆ ಚಿತ್ರಗಳು ಹಾಗೇಕಿವೆ ಎಂದೂ ತಿಳಿಯುವುದಿಲ್ಲ.

ಮೊದಲು ಲೆನ್ಸಿನ ವಿಷಯ. 400 ಮಿಲಿಮೀಟರ್ ನಾಭಿದೂರದ ಸಾದಾ ಲೆನ್ಸನ್ನು ಫಿಲಂನಿಂದ ಸುಮಾರು 400 ಮಿಲಿಮೀಟರ್ ದೂರದಲ್ಲೇ ಇಡಬೇಕು. ಕೊಳವೆ ಅಷ್ಟುದ್ದ ಆಗಲೇಬೇಕು. ಹಿಂಬದಿಯಲ್ಲಿ ಬೆಳಕನ್ನು ಚದುರಿಸುವ ಇನ್ನೊಂದು ಗಾಜಿನ ಗುಂಪು ಸೇರಿಸಿದರೆ ಕೊಳವೆ ಗಿಡ್ಡವಾಗುತ್ತದೆ. 1891ರಲ್ಲಿ ಲಂಡನ್ನಿನ ಥಾಮಸ್ ಡಾಲ್ಮೇಯರ್ ಮತ್ತು ಜರ್ಮನಿಯ ಅಡಾಲ್ಫ್ ಮೀಥೆ ಬೇರೆಬೇರೆಯಾಗಿ ಈ ಉಪಾಯಕ್ಕೆ ಬಂದರು. ಟೆಲಿಫೋಟೋ ಎಂಬ ಹೆಸರು ನ್ಯಾಯವಾಗಿ ಸಲ್ಲಬೇಕಾದ್ದು ಇದಕ್ಕೆ ಮಾತ್ರ. ನಾವು ಉದ್ದವಾಗಿರುವುದನ್ನೆಲ್ಲ ‘ಟೆಲಿ’ ಅನ್ನುತ್ತೇವೆ. ಲೈಟ್ಸ್ ಕಂಪನಿಯ ಹೆಸರಾಂತ 400 ಮಿಲಿಮೀಟರ್ ಟೆಲಿಟ್, ಎಫ್ 6.8ರದ್ದು, ಹೆಸರಿನಲ್ಲಷ್ಟೇ ಟೆಲಿ. ಒಳಗಿರುವುದು ಒಂದಕ್ಕೊಂದು ಅಂಟಿಸಿದ ಎರಡು ಗಾಜು.

ಕಾಡಿಗೆ ಈ ಲೆನ್ಸು ಬಂದದ್ದು ನಿಧಾನವಾಗಿ. ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್ 1927ರ ‘ವಿತ್ ಎ ಕ್ಯಾಮೆರಾ ಇನ್ ಟೈಗರ್-ಲ್ಯಾಂಡ್’ ಪುಸ್ತಕದಲ್ಲಿ ಹುಲಿಯನ್ನು ತೋರಿಸಿದ್ದು ರಾತ್ರಿ ದಾರಿಗೆ ತಂತಿ ಕಟ್ಟಿ. ಹುಲಿ ತುಳಿದರೆ ಫ್ಲ್ಯಾಷ್ ಸಿಡಿಯುತ್ತಿತ್ತು. ಬೆಂಗಳೂರಿನಲ್ಲಿ ಓ. ಸಿ. ಎಡ್ವರ್ಡ್ಸ್ ಅವರ ಗರಡಿಯಲ್ಲಿ ಪಳಗಿದ ಟಿ. ಎನ್. ಎ. ಪೆರುಮಾಳ್, ಅವರ ಸಮಕಾಲೀನ ಇ. ಹನುಮಂತ ರಾವ್, ಸಂಡೂರಿನ ರಾಜಮನೆತನದ ಎಂ. ವೈ. ಘೋರ್ಪಡೆ, ಇವರ ಕಾಲಕ್ಕೆ ಹಗಲಿನಲ್ಲೇ, ದೂರದಿಂದಲೇ ಪ್ರಾಣಿಯನ್ನು ಹಿಡಿಯುವ ಆಸೆ ಬಲವಾಗಿತ್ತು.

ಆಸೆಗೆ ಅಡ್ಡ ಬಂದದ್ದು ಲೆಕ್ಕ. ವಿದೇಶಿ ಸರಕಿನ ಆಮದು ಬಿಗಿಯಾಗಿದ್ದ ವರ್ಷಗಳವು. ಅಂಗಡಿಯಲ್ಲಿ ಸಿಗುತ್ತಿದ್ದದ್ದು ಪೂರ್ವ ಜರ್ಮನಿಯ ಓರ್ವೋ, ಆಮೇಲೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ಇಂದು. ಓರ್ವೋದ ಎನ್‌ಪಿ 22 ಅಂದರೆ 125 ವೇಗ. ನೆತ್ತಿಯ ಬಿಸಿಲಿನಲ್ಲಿ ಎಫ್ 16ಕ್ಕೆ ಸೆಕೆಂಡಿನ 125ನೇ ಒಂದು ಭಾಗ. ಲೆನ್ಸನ್ನು ಎಫ್ 5.6ಕ್ಕೆ ತೆರೆದರೆ 1000ನೇ ಒಂದು ಭಾಗ. ಇದು ಬಯಲಿನ ಮಾತು. ಮುಂಜಾನೆ ಮರದಡಿಯಲ್ಲಿ ಬೆಳಕು ಆರು ಮೆಟ್ಟಿಲು ಇಳಿದರೆ ಉಳಿಯುವುದು 15ನೇ ಒಂದು ಭಾಗ. ಅದೇ 400ರ ಲೆನ್ಸನ್ನು ಕೈಯಲ್ಲಿ ಹಿಡಿದು ಅದುರದಂತೆ ತೆಗೆಯಲು ಬೇಕಾದದ್ದು 400ನೇ ಒಂದು ಭಾಗ. ಹೆಚ್ಚು ವೇಗದ ಫಿಲಂ ಹಾಕಿದರೆ ಮೆಟ್ಟಿಲೊಂದೂವರೆ ಸಿಕ್ಕೀತು, ಜೊತೆಗೆ ಚಿತ್ರದ ತುಂಬ ರವೆಯಂಥ ಕಾಳು. ಎಷ್ಟೋ ಹಳೆಯ ಲೆನ್ಸುಗಳಲ್ಲಿ ರಂಧ್ರ ತಾನಾಗಿ ಕಿರಿದಾಗುತ್ತಿರಲಿಲ್ಲ. ಪೂರ್ತಿ ತೆರೆದು ಫೋಕಸ್ ಮಾಡಿ, ಉಂಗುರ ತಿರುಗಿಸಿ ಮುಚ್ಚಿ, ಕಣ್ಣಿಗೆ ಕತ್ತಲಾದ ಮೇಲೆ ಗುಂಡಿ ಒತ್ತಬೇಕು. ಅಷ್ಟರಲ್ಲಿ ಜಿಂಕೆ ಎರಡು ಹೆಜ್ಜೆ ಮುಂದೆ.

ಇನ್ನೊಂದು ತೊಡಕು ಬಣ್ಣದ್ದು. ಕಣ್ಣಿಗೆ ಕಂದು ಜಿಂಕೆ ಬೇರೆ, ಹಸಿರು ಪೊದೆ ಬೇರೆ. ಕಪ್ಪು-ಬಿಳುಪು ಫಿಲಂಗೆ ಎರಡೂ ಹೆಚ್ಚುಕಡಿಮೆ ಒಂದೇ ಬೂದು. ಹಳದಿ ಫಿಲ್ಟರು ಹಾಕಿದರೆ ಆಕಾಶ ತುಸು ಗಾಢವಾಗುತ್ತದೆ, ಆದರೆ ಇದ್ದ ಬೆಳಕಲ್ಲೂ ಒಂದು ಮೆಟ್ಟಿಲು ಹೋಗುತ್ತದೆ. ಹೀಗಾಗಿ ಪ್ರಾಣಿಯನ್ನು ಕಾಡಿನಿಂದ ಬಿಡಿಸಿ ತೋರಿಸಲು ಎರಡೇ ದಾರಿ: ಉದ್ದ ಲೆನ್ಸಿನಲ್ಲಿ ಹಿನ್ನೆಲೆಯನ್ನು ಮಸುಕಾಗಿಸುವುದು, ಇಲ್ಲವೇ ಸೂರ್ಯ ಪ್ರಾಣಿಯ ಹಿಂದೆ ಬರುವ ಗಳಿಗೆಗೆ ಕಾಯುವುದು. ಆ ಕಾಲದ ಚಿತ್ರಗಳಲ್ಲಿ ಕೊಂಬಿನಂಚು, ಕಿವಿಯ ರೋಮ, ಆನೆ ಎಬ್ಬಿಸಿದ ಧೂಳು ಹೊಳೆಯುವುದನ್ನು ಕವಿಹೃದಯ ಎಂದು ಹೊಗಳುವುದುಂಟು. ಇರಬಹುದು. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಫಿಲಂನ ಬಡತನದ್ದು ಎಂದೇ ನನ್ನ ಎಣಿಕೆ. ಘೋರ್ಪಡೆಯವರ 1983ರ ಪುಸ್ತಕದ ಹೆಸರೇ ‘ಸನ್‌ಲೈಟ್ ಅಂಡ್ ಶ್ಯಾಡೋಸ್’. ದೇವರಾಜ ಅರಸರ ಸಂಪುಟದಲ್ಲಿ ಹಣಕಾಸು ಮಂತ್ರಿಯಾಗಿ ಬಜೆಟ್ ಮಂಡಿಸಿದ ಮನುಷ್ಯ ರೋಲಿಗೆ 36 ಚಿತ್ರದ ಲೆಕ್ಕದಲ್ಲಿ ಬೆಳಕನ್ನು ಖರ್ಚು ಮಾಡುತ್ತಿದ್ದರು ಎಂದು ನೆನೆದರೆ ನಗು ಬರುತ್ತದೆ.

ಅವರದೆಲ್ಲ ಒಳ್ಳೆಯದೇ ಎನ್ನುವಂತಿಲ್ಲ. ಲೆನ್ಸು ಸಾಲದೆಡೆ ಗೂಡಿನ ಪಕ್ಕದಲ್ಲೇ ಮರೆ ಕಟ್ಟಿ ಹಕ್ಕಿಯ ಚಿತ್ರ ತೆಗೆಯುವುದು ಆಗಿನ ಹೆಮ್ಮೆಯ ವಿದ್ಯೆ. ಮರಿಗಳಿಗೆ ಅಪಾಯವೆಂದು ಇಂದು ಅನೇಕ ಸ್ಪರ್ಧೆಗಳು ಅಂಥ ಚಿತ್ರಗಳನ್ನು ಮುಟ್ಟುವುದೂ ಇಲ್ಲ.

ಘೋರ್ಪಡೆಯವರ ಸಂಡೂರಿನ ಆಸುಪಾಸಿನಲ್ಲೇ 1994ರಲ್ಲಿ ದರೋಜಿ ಕರಡಿಧಾಮವಾಯಿತು. ಅಲ್ಲಿ ಸಿಬ್ಬಂದಿ ಬಂಡೆಗೆ ಬೆಲ್ಲದ ಪಾಕ ಬಳಿಯುತ್ತಾರೆ, ಸಂಜೆಗೆ ಮುಂಚೆ ಕರಡಿಗಳು ಇಳಿದು ಬರುತ್ತವೆ, ಎದುರಿನ ಗೋಪುರದಿಂದ ಜನ ನೋಡುತ್ತಾರೆ. ಹಳೆಯ ಕಷ್ಟ ತಿಳಿಯಬೇಕೆನ್ನುವವರು ಅಲ್ಲಿಗೊಂದು ರೋಲು ಫಿಲಂ ಒಯ್ಯಬಹುದು. ಇಳಿಬಿಸಿಲಿಗೆ ಬೆಳ್ಳಗೆ ಹೊಳೆಯುವ ಬಂಡೆ, ಅದರ ಮೇಲೆ ಇದ್ದಿಲಿನಂಥ ಕರಡಿ. ಬಂಡೆಗೆ ಬೆಳಕು ಅಳೆದರೆ ಕರಡಿ ಬರೀ ಕಪ್ಪು ತೂತು. ಕರಡಿಗೆ ಅಳೆದರೆ ಬಂಡೆ ಸುಟ್ಟು ಬಿಳಿ ಕಾಗದ. ಎರಡರ ನಡುವೆ ಎಲ್ಲಿ ನಿಲ್ಲಿಸಬೇಕೆಂದು ಕ್ಯಾಮೆರಾ ಹೇಳುವುದಿಲ್ಲ, ಸರಿಯಾಯಿತೋ ಇಲ್ಲವೋ ಎಂದು ಫಿಲಂ ತೊಳೆಯುವವರೆಗೆ ಗೊತ್ತಾಗುವುದೂ ಇಲ್ಲ.