ತಾಮ್ರಕ್ಕೆ ನ್ಯಾನೋ ವಜ್ರ ಬೆರೆಸಿದರೆ ಶಾಖ ವೇಗವಾಗಿ ಹರಿಯುತ್ತದೆಯೇ? ಲೆಕ್ಕ ಹೇಳುವುದೇ ಬೇರೆ!

ಲ್ಯಾಪ್‌ಟಾಪ್ ಚಿಪ್ ಇರಲಿ, ಲೇಸರ್ ಡಯೋಡ್ ಇರಲಿ, ಎಲೆಕ್ಟ್ರಿಕ್ ಕಾರಿನ ಇನ್ವರ್ಟರ್ ಇರಲಿ, ಒಳಗಿನ ಶಾಖ ಬೇಗ ಹೊರಹೋಗದಿದ್ದರೆ ಮೊದಲು ವೇಗ ತಗ್ಗುತ್ತದೆ, ನಂತರ ಆಯುಷ್ಯ. ಈ ಶಾಖ ಸಾಗಿಸುವ ಕೆಲಸಕ್ಕೆ ಹೆಚ್ಚಾಗಿ ಬಳಸುವುದು ತಾಮ್ರ ಮತ್ತು ಅಲ್ಯೂಮಿನಿಯಂ. ಇವುಗಳಿಗೆ ವಜ್ರ, ಕಾರ್ಬನ್ ನ್ಯಾನೋಟ್ಯೂಬ್ ಅಥವಾ ಗ್ರಾಫೀನ್ ಬೆರೆಸಿ ಮಿಶ್ರವಸ್ತು ಮಾಡಿದರೆ ಇನ್ನಷ್ಟು ಚೆನ್ನಾಗಿ ಕೆಲಸ ಮಾಡೀತು ಎಂಬುದು ಹಲವು ವರ್ಷಗಳ ಆಸೆ.

ಆಸೆಗೆ ಕಾರಣವಿದೆ. ತಾಮ್ರದ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್, ಅಲ್ಯೂಮಿನಿಯಂನದು ಸುಮಾರು 237. ಒಳ್ಳೆಯ ವಜ್ರದ್ದು 2,000ದ ಆಸುಪಾಸು. ಒಂಟಿ ನ್ಯಾನೋಟ್ಯೂಬ್‌ನಲ್ಲಿ 3,000ದಷ್ಟು ಅಳೆದಿದ್ದಾರೆ. ಅರ್ಧ ತಾಮ್ರ, ಅರ್ಧ ವಜ್ರ ಸೇರಿಸಿ ಸರಾಸರಿ ತೆಗೆದರೆ 1,200 ಬರಬೇಕು. ಆದರೆ ಬರುವುದಿಲ್ಲ.

ಗಡಿಯಲ್ಲೇ ಸಮಸ್ಯೆ

ತಾಮ್ರದಲ್ಲಿ ಶಾಖವನ್ನು ಹೊತ್ತೊಯ್ಯುವುದು ಮುಖ್ಯವಾಗಿ ಎಲೆಕ್ಟ್ರಾನ್‌ಗಳು. ವಜ್ರದಲ್ಲಿ ಆ ಕೆಲಸ ಪರಮಾಣುಗಳ ಕಂಪನದ್ದು, ಅಂದರೆ ಫೋನಾನ್‌ಗಳದ್ದು. ಎರಡೂ ಸೇರುವ ಗಡಿಯಲ್ಲಿ ಶಾಖ ವಾಹನ ಬದಲಿಸಬೇಕು, ಅಲ್ಲೇ ತಾಪಮಾನ ಥಟ್ಟನೆ ಇಳಿಯುತ್ತದೆ. ಗಡಿಯಲ್ಲಿನ ಇಂಥ ಇಳಿತವನ್ನು ಸೋವಿಯತ್ ಭೌತವಿಜ್ಞಾನಿ ಪ್ಯೋತ್ರ್ ಕಪಿತ್ಸಾ 1941ರಲ್ಲಿ ದ್ರವ ಹೀಲಿಯಂ ಮತ್ತು ಘನವಸ್ತುವಿನ ನಡುವೆ ಗುರುತಿಸಿದ್ದರು. ಹಾಗಾಗಿಯೇ ಇದಕ್ಕೆ ಕಪಿತ್ಸಾ ಪ್ರತಿರೋಧ ಎಂಬ ಹೆಸರು.

ಕಣ ಚಿಕ್ಕದಾದಷ್ಟೂ ಅಷ್ಟೇ ವಜ್ರಕ್ಕೆ ಹೆಚ್ಚು ಗಡಿಗಳು. ಮುಂಬೈ-ಬೆಂಗಳೂರು ಹೆದ್ದಾರಿಯಲ್ಲಿ ನೂರು ಮೀಟರ್‌ಗೊಂದು ಟೋಲ್ ಗೇಟ್ ಇಟ್ಟರೆ ಕಾರು ಎಷ್ಟು ವೇಗದ್ದಾದರೇನು?

ಅಂಕಿಗಳಲ್ಲೇ ನೋಡೋಣ. ಗಡಿಯ ಪ್ರತಿ ಚದರ ಮೀಟರ್ ಮೂಲಕ ಒಂದು ಕೆಲ್ವಿನ್ ವ್ಯತ್ಯಾಸಕ್ಕೆ 5 ಕೋಟಿ ವ್ಯಾಟ್ ದಾಟುತ್ತದೆ ಎಂದುಕೊಳ್ಳಿ. ಆಗ 0.2 ಮಿಲಿಮೀಟರ್ ಅಗಲದ ವಜ್ರದ ಕಣ 2,000ದ ಬದಲು ಸುಮಾರು 1,430 ವಾಹಕತೆಯ ಕಣದಂತೆ ವರ್ತಿಸುತ್ತದೆ. ಅರ್ಧಕ್ಕರ್ಧ ಮಿಶ್ರಣದ ವಾಹಕತೆ ಸುಮಾರು 760. ಪರವಾಗಿಲ್ಲ. ಅದೇ ವಜ್ರ 100 ನ್ಯಾನೋಮೀಟರ್ ಅಗಲದ್ದಾದರೆ? ಕಣದ ಪರಿಣಾಮಕಾರಿ ವಾಹಕತೆ ಕೇವಲ 2.5! ಮಿಶ್ರಣದ್ದು ಸುಮಾರು 160. ಅಂದರೆ ವಜ್ರ ಬೆರೆಸಿದ ತಾಮ್ರ, ಬರೀ ಅಲ್ಯೂಮಿನಿಯಂಗಿಂತ ಕಡೆ. ಈ ಲೆಕ್ಕದಲ್ಲಿ ಕಣದ ಅಗಲ 20 ಮೈಕ್ರೋಮೀಟರ್ ದಾಟಿದರೆ ಮಾತ್ರ ಲಾಭ. 'ನ್ಯಾನೋ' ಎಂಬ ಪದ ಕಂಡ ಕೂಡಲೇ ಜಾಹೀರಾತಿಗೆ ಮರುಳಾಗುವವರು ಈ ಅಂಕಿಯನ್ನು ನೆನಪಿಟ್ಟುಕೊಳ್ಳಬಹುದು.

ನ್ಯಾನೋಟ್ಯೂಬ್‌ಗೆ ಇನ್ನೂ ಎರಡು ತಲೆನೋವು. ಅದು ಶಾಖ ಸಾಗಿಸುವುದು ಉದ್ದುದ್ದಕ್ಕೆ ಮಾತ್ರ. ಲೋಹದೊಳಗೆ ಅಡ್ಡಾದಿಡ್ಡಿ ಬಿದ್ದರೆ ಹೆಚ್ಚಿನವು ನಿರುಪಯೋಗಿ. ಜೊತೆಗೆ ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ, ಗಂಟಿನ ಸುತ್ತ ಸಣ್ಣ ಪೊಳ್ಳು ಉಳಿಯುತ್ತದೆ. ಹಾಗಾದರೆ ಲೋಹಕ್ಕೆ ಬೆರೆಸುವುದೇಕೆ? ಮುಖ್ಯವಾಗಿ ಬಲಕ್ಕಾಗಿ. ಅಲ್ಲಿ ನ್ಯಾನೋ ಗಾತ್ರ ನಿಜಕ್ಕೂ ಅನುಕೂಲ.

ಗಡಿಯನ್ನು ಸರಿಪಡಿಸುವುದು ಹೇಗೆ?

ಕರಗಿದ ತಾಮ್ರ ಕಾರ್ಬನ್‌ಗೆ ಅಂಟುವುದಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಗುಂಡಾಗಿ ನಿಲ್ಲುತ್ತದೆ. ಹಾಗಾಗಿ ಕ್ರೋಮಿಯಂ, ಟೈಟಾನಿಯಂ, ಬೋರಾನ್ ಅಥವಾ ಜಿರ್ಕೋನಿಯಂ ಬಳಸಿ ನಡುವೆ ತೆಳುವಾದ ಕಾರ್ಬೈಡ್ ಪದರ ಬೆಳೆಸುತ್ತಾರೆ. ಪದರ ದಪ್ಪವಾದರೆ ಅದೇ ಹೊಸ ಅಡ್ಡಿ. ಈ ಧಾತುಗಳು ತಾಮ್ರದೊಳಗೆ ಕರಗಿ ಉಳಿದರೆ ತಾಮ್ರದ ಸ್ವಂತ ವಾಹಕತೆಯೇ ಕುಸಿಯುತ್ತದೆ.

ಅಲ್ಯೂಮಿನಿಯಂ ತಾನಾಗಿಯೇ ಕಾರ್ಬೈಡ್ ಮಾಡಿಕೊಳ್ಳುತ್ತದೆ. ಆದರೆ ಅಲ್ಯೂಮಿನಿಯಂ ಕಾರ್ಬೈಡ್ ತೇವ ತಗುಲಿದರೆ ಮೀಥೇನ್ ಬಿಟ್ಟು ಹಾಳಾಗುತ್ತದೆ. ಮಳೆಗಾಲದ ಕರಾವಳಿ ಊರುಗಳಲ್ಲಿ ಬಳಸುವ ಉಪಕರಣಕ್ಕೆ ಇದು ಸಣ್ಣ ವಿಷಯವಲ್ಲ.

ಇಷ್ಟೆಲ್ಲ ಪಾಡು ಪಡಲು ಇನ್ನೊಂದು ಕಾರಣವೂ ಇದೆ. ಬಿಸಿಯಾದಾಗ ತಾಮ್ರ ಸಿಲಿಕಾನ್‌ಗಿಂತ ಆರು ಪಟ್ಟು ಹಿಗ್ಗುತ್ತದೆ, ಬೆಸುಗೆ ಬಿರುಕು ಬಿಡುತ್ತದೆ. ವಜ್ರ ಸೇರಿದರೆ ಹಿಗ್ಗುವಿಕೆ ತಗ್ಗುತ್ತದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯ 1990ರ ದಶಕದಲ್ಲಿ ರೂಪಿಸಿದ 'ಡೈಮಲಾಯ್' ಇದೇ ಜಾತಿಯದು: ತಾಮ್ರ-ಬೆಳ್ಳಿಯ ಮಿಶ್ರಲೋಹದಲ್ಲಿ ಲೇಪನವಿರುವ ವಜ್ರದ ಕಣಗಳು. ಅದರ ವಾಹಕತೆ ಸುಮಾರು 420. ಬರೀ ತಾಮ್ರಕ್ಕಿಂತ ಕೂದಲೆಳೆಯಷ್ಟೇ ಮುಂದೆ, ಆದರೆ ಹಿಗ್ಗುವಿಕೆ ಬಹಳ ಕಡಿಮೆ. ಇಂದು ತಾಮ್ರ-ವಜ್ರದ ತಟ್ಟೆಗಳು ಹೆಚ್ಚು ಸಾಮರ್ಥ್ಯದ ಲೇಸರ್ ಡಯೋಡ್‌ಗಳ ಅಡಿಯಲ್ಲಿ ಸಿಗುತ್ತವೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಬರೀ ತಾಮ್ರವೇ ಇರುವ ಸಾಧ್ಯತೆ ಹೆಚ್ಚು: ವಜ್ರ ತುಂಬಿದ ಲೋಹವನ್ನು ಕೊರೆಯುವುದು, ಉಜ್ಜಿ ನಯಮಾಡುವುದು ಕಷ್ಟ ಮತ್ತು ದುಬಾರಿ.