ಅತಿ ಕೆಟ್ಟ ಚಿತ್ರ ಎಂಬ ಬಿರುದು: ಒಂದು ಚಾರಿತ್ರಿಕ ಶೋಧ

ಇನ್ನೊಮ್ಮೆ ಕಣ್ಣೆತ್ತಿ ನೋಡಬಾರದು ಅನ್ನಿಸುವ ಸಿನಿಮಾಗಳಿಗೆ ಯಾವ ಭಾಷೆಯಲ್ಲೂ ಬರವಿಲ್ಲ. ಶುಕ್ರವಾರ ಬಿಡುಗಡೆ, ಸೋಮವಾರಕ್ಕೆ ಖಾಲಿ ಕುರ್ಚಿಗಳು, ಗುರುವಾರಕ್ಕೆ ಎತ್ತಂಗಡಿ. ದುಡ್ಡು ಕೊಟ್ಟು ನೋಡಿದವರು ‘ಡಬ್ಬಾ ಪಿಕ್ಚರ್’ ಎಂದು ಬೈದು ಮರೆತುಬಿಡುತ್ತಾರೆ. ಹೀಗೆ ಮರೆತುಹೋದ ಚಿತ್ರಗಳೇ ನಿಜವಾಗಿ ಕೆಟ್ಟ ಚಿತ್ರಗಳಿರಬೇಕು. ಅವುಗಳ ಹೆಸರು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ‘ಸಾರ್ವಕಾಲಿಕ ಅತಿ ಕೆಟ್ಟ ಚಿತ್ರ’ ಎಂದು ಬಿರುದು ಪಡೆದವುಗಳ ಕಥೆಯೇ ಬೇರೆ. ಅವನ್ನು ಜನ ನೂರಾರು ಸಲ ನೋಡಿದ್ದಾರೆ, ಅವುಗಳ ಮೇಲೆ ಪುಸ್ತಕಗಳು ಬಂದಿವೆ, ಒಂದೆರಡರ ಮೇಲೆ ಆಸ್ಕರ್ ಮಟ್ಟದ ಸಿನಿಮಾಗಳೂ ಬಂದಿವೆ. ಚಿತ್ರವೊಂದಕ್ಕೆ ಈ ಬಿರುದು ಬರುವುದು ಅದರ ಗುಣಮಟ್ಟದಿಂದಲ್ಲ, ಅದನ್ನು ಎರಡನೆಯ ಸಲ ಯಾರು, ಎಲ್ಲಿ, ಹೇಗೆ ತೋರಿಸಿದರು ಎಂಬುದರಿಂದ ಎಂಬುದು ಈ ಲೇಖನದ ವಾದ.

ಕೆಟ್ಟ ಚಿತ್ರವನ್ನು ಬೇಕೆಂದೇ ನೋಡುವ ರುಚಿಗೆ ಮೊದಲು ಅಕ್ಷರರೂಪ ಕೊಟ್ಟವರಲ್ಲಿ ಫ್ರಾನ್ಸಿನ ಸರ್ರಿಯಲಿಸ್ಟರು ಮುಖ್ಯರು. ಆದೋ ಕಿರು 1953ರಲ್ಲಿ ಸರ್ರಿಯಲಿಸಂ ಮತ್ತು ಸಿನಿಮಾ ಕುರಿತು ಬರೆದ ಪುಸ್ತಕದಲ್ಲಿ, ಅತ್ಯಂತ ಕಳಪೆ ಚಿತ್ರಗಳನ್ನು ನೋಡುವುದನ್ನು ಕಲಿಯಿರಿ, ಅವುಗಳಲ್ಲಿ ಕೆಲವೊಮ್ಮೆ ಭವ್ಯತೆ ಮಿಂಚುತ್ತದೆ ಎಂಬರ್ಥದ ಮಾತು ಹೇಳಿದ್ದ. 1964ರಲ್ಲಿ ಸೂಸನ್ ಸೊಂಟಾಗ್ ‘ಕ್ಯಾಂಪ್’ ಕುರಿತ ಟಿಪ್ಪಣಿಗಳಲ್ಲಿ, ಗಂಭೀರವಾಗಿ ಹೊರಟು ಸೋತ ಕೃತಿಯಲ್ಲಿ ಸಿಗುವ ಸುಖಕ್ಕೊಂದು ಸೌಂದರ್ಯಶಾಸ್ತ್ರವನ್ನೇ ಕಟ್ಟಿದಳು. 1969ರಲ್ಲಿ ಪಾಲಿನ್ ಕೇಲ್ ಕಸದಂಥ ಚಿತ್ರಗಳ ಪರವಾಗಿ ದೀರ್ಘ ಪ್ರಬಂಧ ಬರೆದಳು. ಇದೆಲ್ಲ ಪಂಡಿತರ ಮಾತಾಯಿತು. ಜನರ ಮಟ್ಟದಲ್ಲಿ ಇದು ಹೇಗೆ ಶುರುವಾಯಿತೆಂಬುದಕ್ಕೆ ‘ರೀಫರ್ ಮ್ಯಾಡ್‌ನೆಸ್’ ಒಳ್ಳೆಯ ಸಾಕ್ಷಿ. ಗಾಂಜಾ ಸೇದಿದರೆ ಕೊಲೆ, ಹುಚ್ಚು, ಸರ್ವನಾಶ ಎಂದು ಮಕ್ಕಳಿಗೂ ತಂದೆತಾಯಿಗಳಿಗೂ ಬುದ್ಧಿ ಹೇಳಲು 1936ರಲ್ಲಿ ತೆಗೆದ ಚಿತ್ರ ಅದು. 1970ರ ದಶಕದ ಆರಂಭದಲ್ಲಿ, ಗಾಂಜಾ ಕಾನೂನು ಸಡಿಲವಾಗಲಿ ಎಂದು ಹೋರಾಡುತ್ತಿದ್ದ ಕೀತ್ ಸ್ಟ್ರೂಪ್ ಸುಮಾರು 300 ಡಾಲರ್ ಕೊಟ್ಟು ಅದರ ಪ್ರತಿಯೊಂದನ್ನು ಕೊಂಡು ಕಾಲೇಜುಗಳಲ್ಲಿ ತೋರಿಸಿದ. ಯಾರನ್ನು ಹೆದರಿಸಬೇಕೆಂದು ಚಿತ್ರ ತೆಗೆದಿದ್ದರೋ ಅವರೇ ಮಧ್ಯರಾತ್ರಿ ಪ್ರದರ್ಶನಗಳಲ್ಲಿ ಕೂತು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಚಿತ್ರಕ್ಕಿಂತ ಹೆಚ್ಚಾಗಿ ಬದಲಾಗಿದ್ದವರು ನೋಡುವವರು.

ಈ ಚರಿತ್ರೆಯ ಕೇಂದ್ರದಲ್ಲಿರುವುದು ಎಡ್ವರ್ಡ್ ಡಿ. ವುಡ್ ಜೂನಿಯರ್ ಬರೆದು, ನಿರ್ಮಿಸಿ, ನಿರ್ದೇಶಿಸಿ, ಸಂಕಲನವನ್ನೂ ತಾನೇ ಮಾಡಿದ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’. ಬೇರೆ ಗ್ರಹದವರು ಭೂಮಿಗೆ ಬಂದು ಸ್ಮಶಾನದ ಹೆಣಗಳನ್ನು ಎಬ್ಬಿಸುತ್ತಾರೆ ಎಂಬಷ್ಟೇ ಕಥೆ. ಒಂದು ಕಾಲಕ್ಕೆ ಡ್ರಾಕುಲಾ ಪಾತ್ರದಿಂದ ಜಗತ್ತನ್ನೇ ನಡುಗಿಸಿದ್ದ ಬೇಲಾ ಲುಗೋಸಿ ಇದರ ತಾರೆ. ತೊಂದರೆಯೆಂದರೆ, ಚಿತ್ರೀಕರಣ ನಡೆದದ್ದು 1956ರ ನವೆಂಬರಿನಲ್ಲಿ, ಲುಗೋಸಿ ತೀರಿಕೊಂಡದ್ದು ಅದೇ ವರ್ಷದ ಆಗಸ್ಟ್ 16ರಂದು. ವುಡ್ ಬಳಿ ಇದ್ದದ್ದು ಬೇರೆ ಉದ್ದೇಶಕ್ಕೆ ತೆಗೆದ, ಮಾತಿಲ್ಲದ ಕೆಲವೇ ನಿಮಿಷಗಳ ಲುಗೋಸಿ ದೃಶ್ಯಗಳು. ಉಳಿದ ಭಾಗಕ್ಕೆ ಆತ ತನ್ನ ಹೆಂಡತಿಗೆ ಬೆನ್ನುಮೂಳೆ ಚಿಕಿತ್ಸೆ ಕೊಡುತ್ತಿದ್ದ ಟಾಮ್ ಮೇಸನ್ ಎಂಬವನನ್ನು ಕರೆತಂದ. ಮೇಸನ್ ಲುಗೋಸಿಗಿಂತ ಎತ್ತರ, ಮುಖದಲ್ಲಿ ಹೋಲಿಕೆಯೇ ಇಲ್ಲ. ಹಾಗಾಗಿ ಚಿತ್ರದುದ್ದಕ್ಕೂ ಆತ ಕರಿ ನಿಲುವಂಗಿಯ ಅಂಚನ್ನು ಮೂಗಿನವರೆಗೆ ಎತ್ತಿ ಹಿಡಿದುಕೊಂಡೇ ಓಡಾಡುತ್ತಾನೆ. ವಿಮಾನದ ಕಾಕ್‌ಪಿಟ್‌ಗೆ ಬಾಗಿಲಿನ ಬದಲು ಪರದೆ ಇಳಿಬಿಟ್ಟಿದೆ. ಸ್ಮಶಾನದ ಕಲ್ಲುಗಳು ಯಾರಾದರೂ ತಾಗಿದರೆ ಅಲುಗುತ್ತವೆ. ಒಂದೇ ದೃಶ್ಯದಲ್ಲಿ ಹಗಲು ಕಳೆದು ಇರುಳಾಗಿ ಮತ್ತೆ ಹಗಲಾಗುತ್ತದೆ. ಹಾರುವ ತಟ್ಟೆಗಳು ಕಾರಿನ ಚಕ್ರದ ಮುಚ್ಚಳಗಳೆಂದೂ ಊಟದ ಕಾಗದದ ತಟ್ಟೆಗಳೆಂದೂ ಹಲವು ಪುಸ್ತಕಗಳು ಒಂದರಿಂದೊಂದು ನಕಲು ಮಾಡಿಕೊಂಡು ಬಂದಿವೆ. ಅವು ಅಂಗಡಿಯಲ್ಲಿ ಸಿಗುತ್ತಿದ್ದ ಪ್ಲಾಸ್ಟಿಕ್ ಆಟಿಕೆ ಮಾದರಿಗಳು.

ಹಣ ಬಂದದ್ದು ಬ್ಯಾಪ್ಟಿಸ್ಟ್ ಪಂಥದ ಭಕ್ತರಿಂದ. ‘ಗ್ರೇವ್ ರಾಬರ್ಸ್ ಫ್ರಮ್ ಔಟರ್ ಸ್ಪೇಸ್’ ಎಂಬ ಮೊದಲ ಹೆಸರು ಅವರಿಗೆ ಹಿಡಿಸಲಿಲ್ಲ, ಬದಲಾಯಿಸಿದರು. ಅದಕ್ಕೂ ಮೊದಲು ನಿರ್ದೇಶಕನೂ ದೈತ್ಯದೇಹದ ನಟ ಟಾರ್ ಜಾನ್ಸನ್ನನೂ ದೀಕ್ಷಾಸ್ನಾನ ಮಾಡಬೇಕಾಯಿತು. ಬಂಡವಾಳಕ್ಕಾಗಿ ನಿರ್ಮಾಪಕರು ಏನೇನು ಮಾಡುತ್ತಾರೆಂದು ಗಾಂಧಿನಗರ ಬಲ್ಲವರಿಗೆ ಬಿಡಿಸಿ ಹೇಳಬೇಕಿಲ್ಲ. 1957ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೂರ್ವಪ್ರದರ್ಶನವಾಯಿತು, ಆಮೇಲೆ ಬಿಡುಗಡೆಯಾಯಿತು, ಯಾರೂ ಗಮನಿಸಲಿಲ್ಲ. ಆಗ ಅದನ್ನು ಯಾರೂ ‘ಅತಿ ಕೆಟ್ಟದ್ದು’ ಎನ್ನಲಿಲ್ಲ. ಹಾಗೆ ಅನ್ನಬೇಕಾದರೂ ಯಾರಾದರೂ ನೋಡಿರಬೇಕಲ್ಲ.

ಬಿರುದಿನ ಬೀಜ ಬಿದ್ದದ್ದು ಟಿವಿಯಲ್ಲಿ. 1960ರ ದಶಕದಲ್ಲಿ ಅಮೆರಿಕದ ಸ್ಥಳೀಯ ವಾಹಿನಿಗಳಿಗೆ ನಡುರಾತ್ರಿಯ ಹೊತ್ತು ತುಂಬಿಸಲು ಅಗ್ಗದ ಚಿತ್ರಗಳು ಕಂತೆಗಟ್ಟಲೆ ಬೇಕಿದ್ದವು. ‘ಪ್ಲಾನ್ 9’ ಆ ಕಂತೆಯಲ್ಲೊಂದು. ಇಲ್ಲೊಂದು ತಾಂತ್ರಿಕ ಸಂಗತಿಯನ್ನು ಗಮನಿಸಬೇಕು, ನನ್ನ ವಾದಕ್ಕೆ ಅದೇ ಗಟ್ಟಿ ಆಧಾರ. ಚಿತ್ರವನ್ನು ಅಗಲ ಪರದೆಗೆಂದು ಯೋಚಿಸಿ ತೆಗೆಯಲಾಗಿತ್ತು. ಫಿಲ್ಮಿನ ಮೇಲೆ ಪೂರ್ತಿ ಚೌಕ ದಾಖಲಾಗುತ್ತಿದ್ದರೂ, ಚಿತ್ರಮಂದಿರದ ಪ್ರೊಜೆಕ್ಟರ್ ಮೇಲಿನ ಮತ್ತು ಕೆಳಗಿನ ಅಂಚುಗಳನ್ನು ಮರೆಮಾಡಿ ನಡುವಿನ ಪಟ್ಟಿಯನ್ನಷ್ಟೇ ತೋರಿಸುತ್ತಿತ್ತು. ಚೌಕ ಪರದೆಯ ಟಿವಿಗೆ ಈ ಮರೆ ಬೇಕಿರಲಿಲ್ಲ. ಚಿತ್ರಮಂದಿರದಲ್ಲಿ ಕಾಣಬಾರದಿದ್ದ ಮೈಕಿನ ನೆರಳು, ಸೆಟ್ಟಿನ ಅಂಚು ಮನೆಮನೆಯ ಪರದೆಯಲ್ಲಿ ಬಯಲಾದವು. ಎಡ್ ವುಡ್‌ನ ತಪ್ಪುಗಳೆಂದು ಎರಡು ಪೀಳಿಗೆ ನಕ್ಕವುಗಳಲ್ಲಿ ಕೆಲವು ಟಿವಿಯವರ ತಪ್ಪುಗಳು.

ವುಡ್ ಕೊನೆಗಾಲದಲ್ಲಿ ಕುಡಿತಕ್ಕೆ ಬಿದ್ದು, ಅಶ್ಲೀಲ ಕಾದಂಬರಿಗಳನ್ನು ಬರೆದು ಹೊಟ್ಟೆ ಹೊರೆದ. ಬಾಡಿಗೆ ಕಟ್ಟಲಾಗದೆ ಮನೆಯಿಂದ ಹೊರಬಿದ್ದ ಕೆಲವೇ ದಿನಗಳಲ್ಲಿ, 1978ರ ಡಿಸೆಂಬರ್ 10ರಂದು, ಹೃದಯಾಘಾತದಿಂದ ಸತ್ತ. ವಯಸ್ಸು 54. ಅದೇ 1978ರಲ್ಲಿ ಹ್ಯಾರಿ ಮೆಡ್‌ವೆಡ್ ಎಂಬ ಹದಿಹರೆಯದ ಹುಡುಗ ಗೆಳೆಯನೊಬ್ಬನ ಜೊತೆ ಸೇರಿ ಐವತ್ತು ಅತಿ ಕೆಟ್ಟ ಚಿತ್ರಗಳ ಪುಸ್ತಕ ತಂದ. ಅದರ ಬರವಣಿಗೆಯಲ್ಲಿ ಅಣ್ಣ ಮೈಕೆಲ್‌ನ ಕೈಯೂ ಇತ್ತು. ಈ ಪುಸ್ತಕವನ್ನು ಈಗ ಓದಿದರೆ ತಮಾಷೆಯೆನಿಸುತ್ತದೆ. ಐಸೆನ್‌ಸ್ಟೈನ್‌ನ ‘ಇವಾನ್ ದಿ ಟೆರಿಬಲ್’, ಅಲೆನ್ ರೆನೆಯ ‘ಲಾಸ್ಟ್ ಇಯರ್ ಅಟ್ ಮರಿಯನ್‌ಬಾಡ್’, ಆಂಟೋನಿಯೋನಿಯ ‘ಜಬ್ರಿಸ್ಕಿ ಪಾಯಿಂಟ್’, ಹಿಚ್‌ಕಾಕ್‌ನ ‘ಜಮೈಕಾ ಇನ್’ ಎಲ್ಲವೂ ಅದರಲ್ಲಿವೆ. ನಮ್ಮ ಫಿಲ್ಮ್ ಸೊಸೈಟಿಗಳು ಭಕ್ತಿಯಿಂದ ತೋರಿಸುತ್ತಿದ್ದ ಚಿತ್ರಗಳಿವು. ‘ಪ್ಲಾನ್ 9’ ಮಾತ್ರ ಅದರಲ್ಲಿಲ್ಲ! ಓದುಗರ ಮತ ಕೇಳಿದಾಗ, ನಡುರಾತ್ರಿ ಟಿವಿ ನೋಡಿ ಬೆಳೆದವರು ಆ ಹೆಸರನ್ನು ಬರೆದು ಕಳಿಸಿದರು. 1980ರ ‘ಗೋಲ್ಡನ್ ಟರ್ಕಿ ಅವಾರ್ಡ್ಸ್’ ಪುಸ್ತಕದಲ್ಲಿ ಸೋದರರಿಬ್ಬರೂ ‘ಪ್ಲಾನ್ 9’ಕ್ಕೆ ಅತಿ ಕೆಟ್ಟ ಚಿತ್ರವೆಂದೂ ವುಡ್‌ಗೆ ಅತಿ ಕೆಟ್ಟ ನಿರ್ದೇಶಕನೆಂದೂ ಕಿರೀಟ ತೊಡಿಸಿದರು. ಇನ್ನೆರಡು ವರ್ಷ ಬದುಕಿದ್ದರೆ ಆತ ಆ ಕುಖ್ಯಾತಿಯಿಂದಲಾದರೂ ನಾಲ್ಕು ಕಾಸು ಕಾಣುತ್ತಿದ್ದನೇನೋ. 1994ರಲ್ಲಿ ಟಿಮ್ ಬರ್ಟನ್ ಅವನ ಬದುಕನ್ನೇ ಚಿತ್ರ ಮಾಡಿದ. ಲುಗೋಸಿಯಾಗಿ ನಟಿಸಿದ ಮಾರ್ಟಿನ್ ಲ್ಯಾಂಡೌಗೆ ಆಸ್ಕರ್ ಬಂತು. ಆದರೆ ಸುಮಾರು 1.8 ಕೋಟಿ ಡಾಲರ್ ಸುರಿದ ಆ ಒಳ್ಳೆಯ ಚಿತ್ರ ಗಳಿಕೆಯಲ್ಲಿ ತೋಪಾಯಿತು.

1981ರಲ್ಲಿ ಜಾನ್ ವಿಲ್ಸನ್ ತನ್ನ ಮನೆಯ ಹಜಾರದಲ್ಲಿ ಶುರುಮಾಡಿದ ‘ರ‍್ಯಾಜಿ’ ಪ್ರಶಸ್ತಿಗಳನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅವುಗಳ ಕಣ್ಣು ದೊಡ್ಡ ತಾರೆಗಳ ಮೇಲೆ, ಸುದ್ದಿಯ ಮೇಲೆ. ಮೊದಲ ವರ್ಷವೇ ‘ದಿ ಶೈನಿಂಗ್’ಗಾಗಿ ಕುಬ್ರಿಕ್‌ನನ್ನು ಕೆಟ್ಟ ನಿರ್ದೇಶಕರ ಪಟ್ಟಿಗೆ ಸೇರಿಸಿದ್ದರೆಂದರೆ ಅವರ ವಿಮರ್ಶಾಶಕ್ತಿ ಎಷ್ಟೆಂದು ತಿಳಿಯುತ್ತದೆ.

ಇದಕ್ಕಿಂತ ಹೆಚ್ಚು ಕಲಿಸುವುದು ‘ಮ್ಯಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್’. ಟೆಕ್ಸಸ್‌ನ ಎಲ್ ಪಾಸೋ ಊರಿನ ಗೊಬ್ಬರದ ವ್ಯಾಪಾರಿ ಹ್ಯಾರಲ್ಡ್ ವಾರೆನ್, ಭಯಾನಕ ಚಿತ್ರ ತೆಗೆಯುವುದೇನು ಮಹಾ ಎಂದು ಚಿತ್ರಕಥೆಗಾರ ಸ್ಟರ್ಲಿಂಗ್ ಸಿಲಿಫಾಂಟ್ ಜೊತೆ ಪಂತ ಕಟ್ಟಿ ಇಳಿದ. ಒಟ್ಟು ಖರ್ಚು ಸುಮಾರು 19,000 ಡಾಲರ್. ಕೈಯಲ್ಲಿದ್ದದ್ದು ಕೀಲಿ ಕೊಟ್ಟು ಓಡಿಸುವ 16 ಮಿಲಿಮೀಟರ್ ಕ್ಯಾಮೆರಾ. ಒಮ್ಮೆ ಕೀಲಿ ಕೊಟ್ಟರೆ ಓಡುತ್ತಿದ್ದದ್ದು ಸುಮಾರು 32 ಸೆಕೆಂಡು. ಅಷ್ಟರೊಳಗೆ ಶಾಟ್ ಮುಗಿಯಲೇಬೇಕು. ಸ್ಥಳದಲ್ಲಿ ಧ್ವನಿ ಹಿಡಿಯುವ ಸಾಧನವೇ ಇರಲಿಲ್ಲ. ಆಮೇಲೆ ಮೂರು ನಾಲ್ಕು ಮಂದಿಯೇ ಕೂತು ಎಲ್ಲ ಪಾತ್ರಗಳಿಗೂ ಕಂಠ ಕೊಟ್ಟರು. ಏಳು ವರ್ಷದ ಹುಡುಗಿಯ ಬಾಯಿಂದ ದೊಡ್ಡ ಹೆಂಗಸಿನ ದನಿ ಹೊರಡುತ್ತದೆ. ರಾತ್ರಿ ದೃಶ್ಯಗಳಿಗೆ ಬೆಳಕು ಎಷ್ಟು ಕಡಿಮೆಯೆಂದರೆ, ಗುಂಡಿನ ಸದ್ದು ಕೇಳಿ ಹುಡುಕಲು ಹೊರಟ ಪೊಲೀಸರು ನಾಲ್ಕು ಹೆಜ್ಜೆ ನಡೆದು ವಾಪಸಾಗುತ್ತಾರೆ, ಅದರಾಚೆ ದೀಪ ಹೋಗುವುದಿಲ್ಲ. ನಟರಿಗೆ ಸಂಬಳದ ಬದಲು ಲಾಭದಲ್ಲಿ ಪಾಲು ಎಂದಿದ್ದರು, ಲಾಭ ಬರಲಿಲ್ಲ. ಹುಡುಗಿಗೆ ಒಂದು ಸೈಕಲ್ಲು, ಅವಳ ಮನೆಯ ನಾಯಿಗೆ 50 ಪೌಂಡ್ ನಾಯಿ ಆಹಾರ ಸಿಕ್ಕಿತಂತೆ. 1966ರ ನವೆಂಬರ್ 15ರಂದು ಊರಿನ ಕ್ಯಾಪ್ರಿ ಚಿತ್ರಮಂದಿರದಲ್ಲಿ ಪ್ರಥಮ ಪ್ರದರ್ಶನವಾಯಿತು. ಬಾಡಿಗೆಗೆ ತಂದ ಒಂದೇ ಒಂದು ಲಿಮೋಸಿನ್ ಕಾರು ಸುತ್ತು ಹೊಡೆದು ಹೊಡೆದು ನಟರನ್ನು ಕಂತು ಕಂತಾಗಿ ಇಳಿಸಿತು. ಪ್ರದರ್ಶನದ ನಡುವೆಯೇ ನಗು ಎದ್ದಿತು. ಚಿತ್ರ ಸತ್ತೇ ಹೋಯಿತು.

ಅದಕ್ಕೆ ಮರುಹುಟ್ಟು ಕೊಟ್ಟದ್ದು ಜೋಯಲ್ ಹಾಜ್‌ಸನ್ 1988ರಲ್ಲಿ ಮಿನಿಯಾಪೊಲಿಸ್‌ನ ಸ್ಥಳೀಯ ವಾಹಿನಿಯಲ್ಲಿ ಆರಂಭಿಸಿದ ‘ಮಿಸ್ಟರಿ ಸೈನ್ಸ್ ಥಿಯೇಟರ್ 3000’. ಬಾಹ್ಯಾಕಾಶ ನೌಕೆಯಲ್ಲಿ ಸೆರೆಸಿಕ್ಕ ಒಬ್ಬ ಮನುಷ್ಯ, ಎರಡು ಬೊಂಬೆ ರೋಬಾಟುಗಳು. ಕೆಟ್ಟ ಚಿತ್ರಗಳನ್ನು ನೋಡುವುದೇ ಅವರಿಗೆ ಶಿಕ್ಷೆ. ಪರದೆಯ ಕೆಳಗೆ ಅವರ ನೆರಳು ಕಾಣುತ್ತದೆ, ಚಿತ್ರ ಓಡುತ್ತಿದ್ದಂತೆ ಅವರ ಕುಚೋದ್ಯವೂ ಓಡುತ್ತದೆ. ನಮ್ಮ ಗಾಂಧಿ ಕ್ಲಾಸಿನ ಮುಂದಿನ ಬೆಂಚುಗಳಲ್ಲಿ ಉಚಿತವಾಗಿ ಸಿಗುತ್ತಿದ್ದದ್ದನ್ನು ಅಮೆರಿಕನ್ನರು ಕಾರ್ಯಕ್ರಮ ಮಾಡಿದರು ಅಷ್ಟೆ. 1993ರ ಜನವರಿ 30ರಂದು ಅಲ್ಲಿ ‘ಮ್ಯಾನೋಸ್’ ಬಂತು, ಮರುದಿನದಿಂದ ಅದು ಪ್ರಸಿದ್ಧ. ಎರಡು ವರ್ಷಗಳ ನಂತರ ಜೆಫ್ರಿ ಸ್ಕಾನ್ಸ್ ‘ಸ್ಕ್ರೀನ್’ ಪತ್ರಿಕೆಯಲ್ಲಿ ಇಂಥ ಚಿತ್ರಗಳನ್ನೂ ಅವುಗಳ ಭಕ್ತರನ್ನೂ ‘ಪ್ಯಾರಾಸಿನಿಮಾ’ ಎಂಬ ಹೆಸರಿನಡಿ ಚರ್ಚಿಸಿ ವಿಷಯವನ್ನು ವಿಶ್ವವಿದ್ಯಾಲಯದೊಳಕ್ಕೆ ತಂದ. ಆ ಲೇಖನದ ಒಂದು ಒಳನೋಟ ಸರಿಯಿದೆ: ಕೆಟ್ಟ ಚಿತ್ರವನ್ನು ಮೆಚ್ಚುವವನು ತಾನು ಸಾಮಾನ್ಯ ಪ್ರೇಕ್ಷಕನಲ್ಲ ಎಂದು ಸಾಬೀತುಮಾಡಲು ಹೊರಟಿರುತ್ತಾನೆ.

ಭಾರತಕ್ಕೆ ಈ ರುಚಿ ತಡವಾಗಿ ಬಂತು. ದೂರದರ್ಶನವೊಂದೇ ಇದ್ದ ಕಾಲದಲ್ಲಿ ವಾರಕ್ಕೆ ಸಿಗುತ್ತಿದ್ದದ್ದೇ ಒಂದೆರಡು ಚಿತ್ರ. ನಡುರಾತ್ರಿಯ ಹೊತ್ತು ತುಂಬಿಸುವ ಅಗತ್ಯವೇ ಇರಲಿಲ್ಲ. ಕೇಬಲ್ ಬಂದ ಮೇಲೆ ಕಥೆ ಬೇರೆಯಾಯಿತು. ಕಾಂತಿ ಶಾ ನಿರ್ದೇಶಿಸಿದ, ಮಿಥುನ್ ಚಕ್ರವರ್ತಿ ನಟಿಸಿದ ‘ಗುಂಡಾ’ (1998) ಅದರ ಖಳರು ಪ್ರಾಸಬದ್ಧವಾಗಿ ತಮ್ಮ ಪರಿಚಯ ಹೇಳಿಕೊಳ್ಳುವ ವಿಲಕ್ಷಣ ಸಂಭಾಷಣೆಯಿಂದಾಗಿ ಎಂಜಿನಿಯರಿಂಗ್ ಹಾಸ್ಟೆಲುಗಳ ಕಂಪ್ಯೂಟರುಗಳಲ್ಲಿ ಕೈಯಿಂದ ಕೈಗೆ ದಾಟಿ ಹೆಸರಾಯಿತು. ಕನ್ನಡಿಗರಿಗೆ ಹತ್ತಿರದ ಉದಾಹರಣೆ ‘ಸೂರ್ಯವಂಶ’. 1997ರ ತಮಿಳು ಚಿತ್ರದ ಈ ಕಥೆ 1999ರಲ್ಲಿ ಎಸ್. ನಾರಾಯಣ್ ನಿರ್ದೇಶನದಲ್ಲಿ, ವಿಷ್ಣುವರ್ಧನ್ ಅಭಿನಯದಲ್ಲಿ ಕನ್ನಡಕ್ಕೆ ಬಂದು ಮನೆಮಂದಿಯೆಲ್ಲ ಕೂತು ಕಣ್ಣೊರೆಸಿಕೊಂಡ ಚಿತ್ರವಾಯಿತು. ಅದೇ ವರ್ಷ ಅಮಿತಾಭ್ ಬಚ್ಚನ್, ನಮ್ಮ ಸೌಂದರ್ಯ ನಟಿಸಿದ ಹಿಂದಿ ‘ಸೂರ್ಯವಂಶಂ’ ಬಂತು. ಚಿತ್ರಮಂದಿರದಲ್ಲಿ ಓಡಲಿಲ್ಲ. ಅದೇ ವರ್ಷ ಶುರುವಾದ ಸೆಟ್ ಮ್ಯಾಕ್ಸ್ ವಾಹಿನಿ ಅದನ್ನು ಎಷ್ಟು ಸಲ ಹಾಕಿತೆಂದರೆ ಆ ಹೆಸರೇ ಒಂದು ನಗೆಹನಿಯಾಯಿತು. ಒಂದೇ ಕಥೆ, ಒಂದೇ ತ್ಯಾಗ, ಒಂದೇ ವಿಷದ ಪಾಯಸ; ಇಲ್ಲಿ ಗೌರವ, ಅಲ್ಲಿ ಗೇಲಿ. ಗುಣಮಟ್ಟದಿಂದ ಇದನ್ನು ವಿವರಿಸಲು ನನಗಂತೂ ಸಾಧ್ಯವಿಲ್ಲ.

‘ರಾಮ್ ಗೋಪಾಲ್ ವರ್ಮಾ ಕೀ ಆಗ್’ (2007) ನನ್ನ ವಾದಕ್ಕೆ ಸುಲಭವಾಗಿ ಬಗ್ಗದ ಪ್ರಕರಣ, ಅದನ್ನು ಮುಚ್ಚಿಡುವುದು ಸರಿಯಲ್ಲ. ರಾಮನಗರದ ಬಂಡೆಗಳ ನಡುವೆ ಹುಟ್ಟಿದ ‘ಶೋಲೆ’ಯನ್ನು ಮತ್ತೆ ತೆಗೆಯಲು ಹೋಗಿ, ಅಂದು ಜೈ ಆಗಿದ್ದ ಬಚ್ಚನ್‌ರನ್ನೇ ಗಬ್ಬರ್ ಮಾದರಿಯ ಬಬ್ಬನ್ ಮಾಡಿದ ಚಿತ್ರ. ಅದನ್ನು ಬೈಯಲು ಜನ ಎರಡನೆಯ ಪ್ರದರ್ಶನಕ್ಕೆ ಕಾಯಲಿಲ್ಲ, ಮೊದಲ ದಿನವೇ ತೀರ್ಪಾಯಿತು. 2015ರಲ್ಲಿ ದೆಹಲಿ ಹೈಕೋರ್ಟು ಮೂಲ ಚಿತ್ರದ ಹಕ್ಕು ಉಲ್ಲಂಘಿಸಿದ್ದಕ್ಕೆ 10 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಇಲ್ಲಿ ಮತ್ತೆ ಮತ್ತೆ ನೋಡಿದ್ದು ‘ಆಗ್’ ಅನ್ನಲ್ಲ, ‘ಶೋಲೆ’ಯನ್ನು, ಪ್ರೇಕ್ಷಕ ಪ್ರತಿ ಫ್ರೇಮನ್ನೂ ಬಾಯಿಪಾಠವಿದ್ದ ಮೂಲದ ಪಕ್ಕ ಇಟ್ಟು ನೋಡಿದ. 1975ರ ಆಗಸ್ಟ್‌ನಲ್ಲಿ ‘ಶೋಲೆ’ ತೆರೆಕಂಡಾಗ ಮೊದಲ ವಾರದ ವಿಮರ್ಶೆಗಳು ಅದನ್ನೂ ಸೋತ ಚಿತ್ರವೆಂದೇ ಬರೆದಿದ್ದವು. ಆಮೇಲೆ ಅದು ಬೊಂಬಾಯಿಯ ಮಿನರ್ವಾದಲ್ಲಿ ಐದು ವರ್ಷ ಓಡಿತು.

ಈ ಬಿರುದಿಗೆ ಒಂದು ಲಾಭವೂ ಇದೆ, ಅದು ಪ್ರತಿಗಳನ್ನು ಉಳಿಸುತ್ತದೆ. 2011ರಲ್ಲಿ ‘ಮ್ಯಾನೋಸ್’ನ 16 ಮಿಲಿಮೀಟರ್ ಪ್ರತಿ ಸಿಕ್ಕಿತು. ಅದನ್ನು ಕಂಡ ಬೆನ್ ಸೊಲೊವಿ ಜನರಿಂದ ಚಂದಾ ಎತ್ತಿ, ಫ್ರೇಮ್ ಫ್ರೇಮ್ ತೊಳೆದು ಸರಿಪಡಿಸಿದ. 2015ರಲ್ಲಿ ಅದು ಬ್ಲೂ-ರೇ ತಟ್ಟೆಯಾಗಿ ಹೊರಬಂತು. ಗೊಬ್ಬರದ ವ್ಯಾಪಾರಿ ಪಂತಕ್ಕೆ ತೆಗೆದ ಚಿತ್ರವನ್ನು ಇಂದು ಯಾರು ಬೇಕಾದರೂ ಸ್ಫಟಿಕದಷ್ಟು ಸ್ವಚ್ಛವಾಗಿ ನೋಡಬಹುದು. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡ, ವೈ.ವಿ. ರಾವ್ ನಿರ್ದೇಶನದ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ಆರ್. ನಾಗೇಂದ್ರರಾಯರು ನಟಿಸಿದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಉಳಿದಿಲ್ಲ. ಅದು ಒಳ್ಳೆಯ ಚಿತ್ರವೋ ಕೆಟ್ಟದ್ದೋ ಎಂದು ನೋಡಿ ಹೇಳುವ ಅವಕಾಶವೇ ನಮಗಿಲ್ಲ. ಮುಚ್ಚಿಹೋದ ಟೂರಿಂಗ್ ಟಾಕೀಸಿನ, ಹಂಚಿಕೆದಾರರ ಹಳೆಯ ಕಚೇರಿಯ ಅಟ್ಟದಲ್ಲಿ ತಗಡಿನ ಡಬ್ಬಿಗಳಿದ್ದರೆ, ಒಳಗಿರುವುದು ಎಂಥ ಡಬ್ಬಾ ಪಿಕ್ಚರ್ ಆದರೂ ಸರಿ, ಗುಜರಿಗೆ ಹಾಕದೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ತಿಳಿಸಿ. 1950ರ ದಶಕಕ್ಕಿಂತ ಹಿಂದಿನ ರೀಲಾಗಿದ್ದರೆ ನೈಟ್ರೇಟ್ ಇರಬಹುದು, ಬಲುಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ. ಡಬ್ಬಿಯನ್ನು ನೀವೇ ತೆರೆಯಬೇಡಿ.