ಮಧ್ಯರಾತ್ರಿಯ ಗಂಟೆ: ರಾಮೇಶ್ವರದ ದಾರಿಯ ಛತ್ರಗಳು

ಛತ್ರ ಎಂದರೆ ನಮಗೀಗ ಮದುವೆ ಮನೆ. ಎರಡು ದಿನದ ಬಾಡಿಗೆ, ಅಡುಗೆಯವರ ಲೆಕ್ಕ ಬೇರೆ. ಆ ಪದದ ಹಳೆಯ ಅರ್ಥ ತಿಳಿಯಬೇಕಾದರೆ ತಂಜಾವೂರಿನಿಂದ ರಾಮೇಶ್ವರಕ್ಕೆ ಹೋಗುತ್ತಿದ್ದ ಕಾಲುದಾರಿಯನ್ನು ನೋಡಬೇಕು. ಒರತ್ತನಾಡು, ಪಟ್ಟುಕೋಟೆ ದಾಟಿದ ಮೇಲೆ ಅದು ಮಣಮೇಲ್ಕುಡಿ, ಮೀಮಿಸಲ್, ತೊಂಡಿ, ದೇವಿಪಟ್ಟಣಂ ಎಂದು ಕಡಲ ಅಂಚಿನಲ್ಲೇ ಸಾಗುತ್ತಿತ್ತು. ಸೇತುವಿನ ಮರಳನ್ನು ಪ್ರಯಾಗಕ್ಕೂ ಗಂಗೆಯ ನೀರನ್ನು ರಾಮೇಶ್ವರಕ್ಕೂ ಹೊತ್ತು ನಡೆದವರಿಗೆ ಬುತ್ತಿ ಎಷ್ಟು ದಿನ ಬಂದೀತು?

ರಾಮನಾಥಪುರದ ಸೇತುಪತಿಗಳು ಮತ್ತು ತಂಜಾವೂರಿನ ಮರಾಠ ದೊರೆಗಳು ಈ ದಾರಿಗೆ ಛತ್ರಗಳನ್ನು ಕಟ್ಟಿಸಿದರು. (ಈ ಮರಾಠ ಮನೆತನದ ಮೊದಲಿಗ ಏಕೋಜಿ ಬೆಂಗಳೂರಿನ ಜಹಗೀರಿನಿಂದ ಹೋದವನು.) ತಂಜಾವೂರಿನ ಹಲವು ಛತ್ರಗಳಿಗೆ ಅರಮನೆಯ ಹೆಂಗಸರ ಹೆಸರು: ನೀಡಾಮಂಗಲದಲ್ಲಿ ಯಮುನಾಂಬಾ, ಒರತ್ತನಾಡಿನಲ್ಲಿ ಮುಕ್ತಾಂಬಾ.

1799ರ ಒಪ್ಪಂದದಲ್ಲಿ ಎರಡನೆಯ ಸರಫೋಜಿ ರಾಜ್ಯದ ಆಡಳಿತವನ್ನೇ ಕಂಪನಿಗೆ ಬಿಟ್ಟುಕೊಟ್ಟ. ಛತ್ರಗಳನ್ನು ಬಿಡಲು ಮಾತ್ರ ಮನಸ್ಸಾಗಲಿಲ್ಲ. 1801ರಲ್ಲಿ ರೆಸಿಡೆಂಟನಿಗೆ ಬರೆದ ಪತ್ರದಲ್ಲಿ ಅಲ್ಲಿ ಏನೇನು ನಡೆಯುತ್ತದೆಂದು ವಿವರಿಸಿದ. ಬ್ರಾಹ್ಮಣನಿಂದ ಹಿಡಿದು ಪರೆಯನವರೆಗೆ ಬಂದವರಿಗೆಲ್ಲ ಅನ್ನ. ಬೇಯಿಸಿದ್ದು ಒಲ್ಲದವರಿಗೆ ಅಕ್ಕಿ. ಜಾತಿ ಕಟ್ಟಳೆ ಮುರಿಯಲಿಲ್ಲ, ಆದರೆ ಹಸಿದವರನ್ನು ಅದರ ನೆಪದಲ್ಲಿ ಹೊರಗೆ ನಿಲ್ಲಿಸಲೂ ಇಲ್ಲ. ಕಾಯಿಲೆ ಬಿದ್ದವರಿಗೆ ವೈದ್ಯ, ಪಥ್ಯ. ಬಸುರಿಗೆ ಅಲ್ಲೇ ಹೆರಿಗೆಯಾದರೆ ಮೂರು ತಿಂಗಳು ಇರಬಹುದು. ಅನಾಥ ಮಕ್ಕಳು ಮೇಷ್ಟರ ಸುಪರ್ದಿಗೆ. ಮಧ್ಯರಾತ್ರಿ ಒಂದು ಗಂಟೆ ಬಾರಿಸಿ, ಇನ್ನೂ ಉಣ್ಣದವರು ಯಾರಿದ್ದರೂ ಬನ್ನಿ ಎಂದು ಕೂಗುತ್ತಿದ್ದರು.

ರಾಜ್ಯ ಕಳೆದುಕೊಂಡ ರಾಜ ತನ್ನ ಧರ್ಮವನ್ನು ತಾನೇ ಹೊಗಳಿಕೊಂಡ ಎನ್ನಬಹುದು. ಇರಲಿ. ಕೋಟೆಯ ಬಗ್ಗೆ ಅಲ್ಲದೆ ಊಟದ ಗಂಟೆಯ ಬಗ್ಗೆ ಕಂಪನಿಗೆ ಪತ್ರ ಬರೆದವನ ಆದ್ಯತೆ ನನಗಂತೂ ಅರ್ಥವಾಗುತ್ತದೆ.

1855ರಲ್ಲಿ ಆ ಸಂಸ್ಥಾನವೂ ಹೋಯಿತು. ರೈಲು ಬಂದ ಮೇಲೆ ನಡೆಯುವವರು ಕಡಿಮೆಯಾದರು. 1914ರಲ್ಲಿ ಪಂಬನ್ ಸೇತುವೆ ತೆರೆದು ಮದರಾಸಿನ ರೈಲು ಧನುಷ್ಕೋಟಿ ಮುಟ್ಟಿತು. 1964ರ ಡಿಸೆಂಬರ್ ಚಂಡಮಾರುತ ಒಂದು ಇಡೀ ರೈಲನ್ನೂ ಆ ಊರನ್ನೂ ಕೊಚ್ಚಿಕೊಂಡು ಹೋಯಿತು. 2025ರ ಏಪ್ರಿಲ್‌ನಿಂದ ಹೊಸ ಸೇತುವೆ. ಈಗ ಕಡಲನ್ನು ಕಿಟಕಿಯಿಂದ ನೋಡುತ್ತ, ಫೋನಿನಲ್ಲಿ ಹಿಡಿಯುತ್ತ ಕೆಲವೇ ನಿಮಿಷಗಳಲ್ಲಿ ದ್ವೀಪ ಸೇರುತ್ತೇವೆ. ಸ್ನಾನ, ದರ್ಶನ, ಧನುಷ್ಕೋಟಿಯ ಪಾಳುಗಳ ಮುಂದೆ ಒಂದು ಫೋಟೊ, ರಾತ್ರಿಯ ರೈಲಿಗೆ ವಾಪಸು. ದಾರಿಯಲ್ಲಿ ಯಾರ ಹಂಗೂ ಇಲ್ಲ. ಹಾಗಾಗಿ ಯಾರ ಪರಿಚಯವೂ ಇಲ್ಲ.

ಚೆನ್ನೈಯಿಂದ ಕಾರಿನಲ್ಲಿ ಹೊರಡುವವರು ತಂಜಾವೂರು ದಾಟಿ ಒರತ್ತನಾಡಿನಲ್ಲಿ ಅರ್ಧ ಗಂಟೆ ಇಳಿಯಬಹುದು. ಮುಕ್ತಾಂಬಾ ಛತ್ರದ ಪಕ್ಕದ ಗೋಡೆಯನ್ನು ಆನೆ ಕುದುರೆಗಳು ಎಳೆಯುವ ರಥದಂತೆ ಕಡೆದಿದ್ದಾರೆ. ಅದನ್ನು ನೋಡಿ, ಸುತ್ತಿ ಒಳಗೆ ಹೋಗಿ. ಸಾಲು ಕಂಬಗಳ ನಡುವೆ ನಿಂತರೆ ಒಂದು ಪಂಕ್ತಿಗೆ ಎಷ್ಟು ಎಲೆ ಹಾಕಬಹುದಿತ್ತೆಂದು ಕಣ್ಣಳತೆಯಲ್ಲೇ ಎಣಿಸಬಹುದು.